ಇದ್ದಿಲಿನ ಡಬ್ಬಿಯ ಮುಚ್ಚಳ

ನನ್ನ ದೊಡ್ಡಮ್ಮ ಸೀಸೆ ಕಾರ್ಖಾನೆಯ ತೂಕದ ಕೋಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದಳು. ಅಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅಂಜುಬುರುಕಿ ಎಂದು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳಿಗೇನೂ ಬೇಸರವಿರಲಿಲ್ಲ. "ಅಂಜುಬುರುಕಿ ಅಂತ ತಾನೇ ಅನ್ನೋದು, ಕಳ್ಳಿ ಅಂತ ಅಲ್ವಲ್ಲ" ಎನ್ನುತ್ತಿದ್ದಳು.

ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಔಷಧಿ ತುಂಬುವ ಕಂದು ಸೀಸೆ. ಅದಕ್ಕೆ ಹೆಚ್ಚಾಗಿ ಬೇಕಾಗುವುದು ಮರಳು. ಜೊತೆಗೆ ಸೋಡಾ ಪುಡಿ, ಸುಣ್ಣಕಲ್ಲಿನ ಪುಡಿ, ಒಡೆದ ಸೀಸೆಗಳ ಚೂರು. ಇವನ್ನೆಲ್ಲ ಆಳುಗಳು ತಳ್ಳುಗಾಡಿಯಲ್ಲಿ ತಂದು ಕಲಸುವ ಪೀಪಾಯಿಗೆ ಸುರಿಯುತ್ತಿದ್ದರು. ಬಣ್ಣ ಬರುತ್ತಿದ್ದದ್ದು ಮಾತ್ರ ದೊಡ್ಡಮ್ಮನ ಮೇಜಿನ ಮೇಲಿದ್ದ ಮೂರು ತಗಡಿನ ಡಬ್ಬಿಗಳಿಂದ. ಒಂದರಲ್ಲಿ ಕಬ್ಬಿಣದ ತುಕ್ಕಿನಂಥ ಕೆಂಪು ಪುಡಿ, ಒಂದರಲ್ಲಿ ಗಂಧಕ, ಒಂದರಲ್ಲಿ ನುಣ್ಣಗೆ ಅರೆದ ಇದ್ದಿಲು. ಅಷ್ಟೆತ್ತರದ ಮರಳಿನ ರಾಶಿಗೆ ಇವು ಊಟದಲ್ಲಿ ಉಪ್ಪಿದ್ದಂತೆ. ಇದ್ದಿಲು ಕಡಿಮೆಯಾದರೆ ಸೀಸೆ ಕಂದಾಗದೆ ಪೇಲವ ಹಸಿರಾಗುತ್ತದೆ, ಒಳಗಿನ ಔಷಧಿ ಬೆಳಕಿಗೆ ಕೆಡುತ್ತದೆ. ಹೆಚ್ಚಾದರೆ ಕುಲುಮೆಯೊಳಗೆ ಕರಗುವ ಗಾಜು ನೊರೆಗಟ್ಟಿ ಹಾಲಿನಂತೆ ಉಕ್ಕುತ್ತದೆ. ಹಾಲು ಉಕ್ಕಿದರೆ ಒಲೆ ಒರೆಸಿದರಾಯಿತು. ಗಾಜು ಉಕ್ಕಿದರೆ ಕುಲುಮೆಯ ಬಾಯಿಂದ ಹೊರಬಿದ್ದು ಎದುರಿಗೆ ನಿಂತವರ ಕಾಲಿಗೆ ಬರುತ್ತದೆ.

ಹಾಗೆ ಒಮ್ಮೆ ಬಂದದ್ದು ನನ್ನ ದೊಡ್ಡಪ್ಪನ ಎಡಗಾಲಿಗೆ. ಆಗ ತೂಕದ ಕೋಣೆಯಲ್ಲಿದ್ದವನು ಯಾರದೋ ಜೊತೆ ಮಾತಾಡುತ್ತ, ಇದ್ದಿಲು ಹಾಕಿದೆನೋ ಇಲ್ಲವೋ ಎಂಬುದನ್ನು ಮರೆತು ಎರಡನೇ ಸಲ ಹಾಕಿದ್ದ. ದೊಡ್ಡಪ್ಪನ ಪಾದದಲ್ಲಿ ಎರಡು ಬೆರಳಷ್ಟೇ ಉಳಿದವು. ಅವನು ಮನೆ ಹಿಡಿದ. ಮಾಲೀಕರು ಅವನ ಬದಲಿಗೆ ದೊಡ್ಡಮ್ಮನಿಗೆ ಕೆಲಸ ಕೊಟ್ಟರು. ಅದೂ ತೂಕದ ಕೋಣೆಯ ಅದೇ ಮೇಜಿನಲ್ಲಿ.

ಓದು ಬರಹ ಬಾರದ ದೊಡ್ಡಮ್ಮ ಮರೆವಿಗೆ ತನ್ನದೇ ಒಂದು ಮದ್ದು ಕಂಡುಕೊಂಡಿದ್ದಳು. ಒಂದು ಡಬ್ಬಿಯಿಂದ ಪುಡಿ ತೂಗಿ ಪೀಪಾಯಿಗೆ ಹಾಕಿದ ಕೂಡಲೇ ಅದರ ಮುಚ್ಚಳವನ್ನು ಡಬ್ಬಿಯ ಮೇಲೆ ಅಂಗಾತ ಇಡುತ್ತಿದ್ದಳು. ಮೂರೂ ಅಂಗಾತವಾದರೆ ಮೂರೂ ಬಿದ್ದಿವೆ ಎಂದು ಲೆಕ್ಕ. ಕಲಸಿದ್ದು ಕುಲುಮೆಗೆ ಹೊರಟ ಮೇಲೆ ಮೂರನ್ನೂ ಸರಿಯಾಗಿ ಮುಚ್ಚುವಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ನಾನು ನಮ್ಮ ಮನೆತನದಲ್ಲೇ ಮೊದಲ ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗುವ ತನಕ ಎಂದು ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ದಾಸ್ತಾನು ಬರೆಯುವ ಕೆಲಸಕ್ಕೆ ಸೇರಿದ್ದೆ. ಎಂಟು ತಿಂಗಳು ಆ ಅಂಗಾತ ಮುಚ್ಚಳಗಳನ್ನು ದಿನಾ ನೋಡಿದ್ದೆ. ಓದಿದವಳ ಕಣ್ಣಿಗೆ ಅದು ಬರೀ ಅಶಿಸ್ತಾಗಿ ಕಂಡಿತ್ತು.

ಒಂದು ಬೆಳಿಗ್ಗೆ ಗಾಳಿ ಜೋರಾಗಿತ್ತು. ದೊಡ್ಡಮ್ಮನ ಕಣ್ಣಿಗೆ ಗಂಧಕದ ಪುಡಿ ಹಾರಿತು. ಅವಳು ಕಣ್ಣುಜ್ಜುತ್ತ ಹೊರಗಿನ ನಲ್ಲಿಗೆ ಹೋದಳು. ಇದ್ದಿಲು ಹಾರಿ ನನ್ನ ಪುಸ್ತಕದ ಮೇಲೆ ಕೂರುತ್ತಿತ್ತು. ನಾನು ಎದ್ದು ಕಿಟಕಿ ಹಾಕಿದೆ. ಮೂರು ಡಬ್ಬಿಗಳ ಮುಚ್ಚಳವನ್ನೂ ಗಟ್ಟಿಯಾಗಿ ಮುಚ್ಚಿ, ಮೇಜು ಒರೆಸಿ, ದಾಸ್ತಾನು ಎಣಿಸಲು ಹಿಂದಿನ ಉಗ್ರಾಣಕ್ಕೆ ಹೋದೆ.

ದೊಡ್ಡಮ್ಮ ಬಂದು ಡಬ್ಬಿಗಳನ್ನು ನೋಡಿ ಸ್ವಲ್ಪ ಹೊತ್ತು ನಿಂತಳಂತೆ. ಹಾಕಿದ್ದೆ ಅನ್ನಿಸಿತಂತೆ. ಅಂಗೈ ನೋಡಿಕೊಂಡಳಂತೆ. ಇದ್ದಿಲು ಮುಟ್ಟಿದ ಕೈ ಕಪ್ಪಾಗಿರಬೇಕು, ಆದರೆ ಆಗಷ್ಟೇ ತೊಳೆದ ಕೈ ಬೆಳ್ಳಗಿತ್ತು. ತಲೆಗಿಂತ ಮುಚ್ಚಳವನ್ನು ನಂಬಬೇಕು ಎನ್ನುವುದು ಅವಳ ಹತ್ತೊಂಬತ್ತು ವರ್ಷದ ನೇಮ. ಮೂರನ್ನೂ ಮತ್ತೆ ತೂಗಿ ಹಾಕಿದಳು.

ನಾನು ಉಗ್ರಾಣದಿಂದ ಬರುವಷ್ಟರಲ್ಲಿ ಕಲಸಿದ್ದು ತುಂಬಿದ ಗಾಡಿಗಳು ಕುಲುಮೆಗೆ ಹೋಗಿದ್ದವು.

"ನಿನ್ನ ಡಬ್ಬಿಗಳನ್ನ ಮುಚ್ಚಿಟ್ಟಿದ್ದೆ, ನೋಡಿದ್ಯಾ ದೊಡ್ಡಮ್ಮಾ? ಪುಡಿಯೆಲ್ಲ ನನ್ನ ಪುಸ್ತಕದ ಮೇಲೇ."

"ಯಾವಾಗ ಮುಚ್ಚಿದ್ದು?"

"ನೀನು ನಲ್ಲಿಗೆ ಹೋದಾಗ."

"ಮುಚ್ಚಳ ಹೇಗಿತ್ತು?"

"ಹೇಗಿತ್ತು ಅಂದ್ರೆ?"

"ಅಂಗಾತ ಇತ್ತೋ ಇಲ್ವೋ, ಬೊಗಳೇ!"

ದೊಡ್ಡಮ್ಮ ನನಗೆ ಹಾಗೆ ಯಾವತ್ತೂ ಅಂದವಳಲ್ಲ. "ಮೂರೂ ಅಂಗಾತ ಇತ್ತು" ಎಂದೆ. ಅವಳ ತುಟಿ ಬಿಳುಚಿತು. ಕೈಯಲ್ಲಿದ್ದ ತಕ್ಕಡಿಯ ತಟ್ಟೆ ಕೆಳಗೆ ಬಿತ್ತು. ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವ ಹೆಂಗಸು ಸೆರಗು ಸಿಕ್ಕಿಸಿ ಓಡಿದಳು. ನನಗೆ ಏನೂ ಅರ್ಥವಾಗಲಿಲ್ಲ. ನಾನೂ ಹಿಂದೆಯೇ ಓಡಿದೆ.

ಕುಲುಮೆಯ ಕಟ್ಟೆಯ ಮೇಲೆ ಎರಡು ಗಾಡಿ ಬರಿದಾಗಿದ್ದವು, ಎರಡು ತುಂಬಿದ್ದವು. ಕುಲುಮೆಯ ಮೇಸ್ತ್ರಿ ಅದರ ತೆರೆದ ಬಾಯಿಯ ಎದುರಿಗೇ ಸಲಿಕೆ ಹಿಡಿದು ನಿಂತಿದ್ದ. ಅವನ ಹಿಂದೆ ಇಬ್ಬರು ಆಳುಗಳು.

"ನಿಲ್ಸಿ! ಅಲ್ಲಿಂದ ಆಚೆ ಬನ್ನಿ! ಇದ್ದಿಲು ಎರಡು ಸಲ ಬಿದ್ದಿದೆ!"

"ಏನಕ್ಕಾ, ಇವತ್ತೇನು, ಹಲ್ಲಿ ಲೊಚಗುಟ್ಟಿತಾ?" ಎಂದು ಮೇಸ್ತ್ರಿ ನಕ್ಕ. ಆಳುಗಳೂ ನಕ್ಕರು. ಅದರಲ್ಲಿ ಅವರ ತಪ್ಪೂ ಇರಲಿಲ್ಲ. ಹಿಂದೆ ಎರಡು ಸಲ ದೊಡ್ಡಮ್ಮ ಬರೀ ಅನುಮಾನಕ್ಕೆ ಕೆಲಸ ನಿಲ್ಲಿಸಿದ್ದಳು. ಎರಡು ಸಲವೂ ಏನೂ ಆಗಿರಲಿಲ್ಲ.

ಮೇಸ್ತ್ರಿ ಮತ್ತೊಂದು ಸಲಿಕೆ ತುಂಬಿದ. ಕುಲುಮೆಯ ಹತ್ತು ಮಾರು ದೂರಕ್ಕೂ ಬಾರದ ದೊಡ್ಡಮ್ಮ ಹೋಗಿ ಅವನಿಗೂ ಆ ಬಾಯಿಗೂ ನಡುವೆ ನಿಂತಳು. ರಬ್ಬರ್ ಚಪ್ಪಲಿಯಲ್ಲಿ.

"ಸುರೀಬೇಕಾ? ಸುರಿ. ನಮ್ಮನೇಲಿ ಈಗಾಗ್ಲೇ ಒಂದು ಕಾಲು ಹೋಗಿದೆ. ಇನ್ನೊಂದು ಹೋದ್ರೆ ಜೋಡಿ ಆಗತ್ತೆ."

ಮೇಸ್ತ್ರಿಯ ನಗು ನಿಂತಿತು. ಅವನು ಅವಳ ಕಾಲು ನೋಡಿದ. ಸಲಿಕೆ ಬಿಸಾಡಿ ಅವಳ ತೋಳು ಹಿಡಿದು ಎಳೆದ. "ಬೆಂಕಿ ಇಳಿಸ್ರೋ! ಗೋಡೆ ಹಿಂದಕ್ಕೆ, ಎಲ್ಲಾರೂ!"

ಇಟ್ಟಿಗೆ ಗೋಡೆಯ ಹಿಂದೆ ನಾವು ಐವರು ಒಬ್ಬರಿಗೊಬ್ಬರು ಒತ್ತಿ ನಿಂತೆವು. ಗೋಡೆಯ ಕಿಂಡಿಯಿಂದ ಮೇಸ್ತ್ರಿ ಬೆಂಕಿ ಕಣ್ಣು ಕುಕ್ಕದಂತೆ ನೀಲಿ ಗಾಜು ಹಿಡಿದು ನೋಡುತ್ತಿದ್ದ. ದೊಡ್ಡಮ್ಮ ನನ್ನ ಕೈ ಹಿಡಿದಿದ್ದಳು. ಅವಳ ಉಗುರು ನನ್ನ ಚರ್ಮಕ್ಕೆ ಇಳಿದಿತ್ತು. ಅವಳ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು.

"ಏನಾದ್ರೂ ಕಾಣ್ತಾ?"

"ಏನಿಲ್ಲ."

ಸ್ವಲ್ಪ ಹೊತ್ತಾಯಿತು. "ಏನೂ ಇಲ್ವಲ್ಲೋ..." ಎಂದು ಒಬ್ಬ ಆಳು ಹೊರಡಲು ಹೆಜ್ಜೆ ಎತ್ತಿದ. ಮೇಸ್ತ್ರಿ ಅವನ ಅಂಗಿ ಹಿಡಿದು ಹಿಂದಕ್ಕೆಳೆದ. "ಇರೋ. ಬರ್ತಿದೆ."

ಅದು ಸದ್ದಿಲ್ಲದೆ ಬಂತು. ಕುಲುಮೆಯ ಬಾಯಿಯ ಅಂಚಿನಲ್ಲಿ ಕಿತ್ತಳೆ ಬಣ್ಣದ ನೊರೆ ಉಬ್ಬಿ ನಿಂತು, ನಾಲಿಗೆಯಂತೆ ಹೊರಚಾಚಿ, ಕಟ್ಟೆಯ ಮೇಲೆ ಬಿತ್ತು. ಮೇಸ್ತ್ರಿ ನಿಂತಿದ್ದ ಜಾಗಕ್ಕೇ. ಅವನು ಬಿಸಾಡಿದ ಸಲಿಕೆಯ ಹಿಡಿ ಭುಗ್ಗೆಂದು ಹೊತ್ತಿಕೊಂಡಿತು. ಅಷ್ಟು ಬಂದು ನಿಂತಿತು. ಉಳಿದೆರಡು ಗಾಡಿಯೂ ಒಳಗೆ ಹೋಗಿದ್ದರೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ.

ನೊರೆ ಇಳಿದ ಮೇಲೆ ಮೇಸ್ತ್ರಿ ನೆಲಕ್ಕೆ ಕುಕ್ಕರಿಸಿ ಕೇಳಿದ, "ಯಾರು ಮಾಡಿದ್ದಕ್ಕಾ ಇದು?"

"ತೂಗಿದ್ದು ನಾನು" ಎಂದಳು ದೊಡ್ಡಮ್ಮ.

ನನ್ನ ಕೆಲಸ, ಅಪ್ಪ ಅಮ್ಮನ ಮುಖ ಎಲ್ಲ ಕಣ್ಣ ಮುಂದೆ ಬಂದವು. "ಮುಚ್ಚಳ ಮುಚ್ಚಿದ್ದು ನಾನು" ಎಂದು ಎಲ್ಲವನ್ನೂ ಹೇಳಿಬಿಟ್ಟೆ.

ಮೇಸ್ತ್ರಿ ನಮ್ಮಿಬ್ಬರನ್ನೂ ನೋಡಿದ. "ಹತ್ತೊಂಬತ್ತು ವರ್ಷ ನಮ್ಮ ಜೀವ ಆ ಮುಚ್ಚಳದ ಮೇಲೆ ಕೂತಿತ್ತು ಅಂತ ಇವತ್ತು ಗೊತ್ತಾಯ್ತಲ್ಲಕ್ಕಾ. ಮೊದ್ಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ನಗ್ತಿದ್ರಿ."



ಮಾರನೆಯ ದಿನದಿಂದ ದೊಡ್ಡಮ್ಮ ಪುಡಿ ತೂಗಿದ ಡಬ್ಬಿಯ ಮುಚ್ಚಳವನ್ನು ಡಬ್ಬಿಯ ಮೇಲೆ ಇಡಲಿಲ್ಲ. ಸೊಂಟಕ್ಕೆ ಒಂದು ಚೀಲ ಕಟ್ಟಿಕೊಂಡು ಅದರೊಳಗೆ ಹಾಕಿಕೊಂಡಳು. ನಲ್ಲಿಗೆ ಹೋದರೂ ಮುಚ್ಚಳ ಅವಳ ಜೊತೆಯಲ್ಲೇ ಹೋಗುತ್ತಿತ್ತು. ನಡೆದರೆ ಮೂರೂ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅವಳ ಭಯವೇನೂ ಕಡಿಮೆಯಾಗಲಿಲ್ಲ. ಹೆಚ್ಚೇ ಆಯಿತು. ನಿದ್ದೆಯಲ್ಲೂ ಅಂಗೈ ನೋಡಿಕೊಳ್ಳುತ್ತಾಳೆ ಎಂದು ದೊಡ್ಡಪ್ಪ ಹೇಳುತ್ತಿದ್ದ.

ಮೇಸ್ತ್ರಿ ಮಾತ್ರ ಅವಳು ಕೆಲಸ ಬಿಡುವ ತನಕ ಗಾಡಿ ಬಂದಾಗಲೆಲ್ಲ ಸಲಿಕೆ ಎತ್ತುವ ಮೊದಲು ಕಟ್ಟೆಯಿಂದಲೇ ಕೂಗಿ ಕೇಳುತ್ತಿದ್ದ:

"ಅಕ್ಕಾ, ಇವತ್ತು ಹೆದರಿಕೊಂಡೇ ತೂಗಿದ್ದೀಯಾ?"

"ಹೂಂ ಕಣೋ, ಹೆದರಿಕೊಂಡೇ."

"ಹಾಗಾದ್ರೆ ಸುರೀರೋ" ಎಂದು ಅವನು ಆಳುಗಳಿಗೆ ಹೇಳುತ್ತಿದ್ದ.