ಹಳದಿ ಗೆರೆ

ಬ್ಯಾಟರಾಯನಪುರದ ಮೆಕ್ಯಾನಿಕ್ ನನ್ನ ಸೂಪರ್‌ಮೋಟೋ ಎಂಬ ರೇಸು ಮಾದರಿಯ ಬೈಕನ್ನು ಒಂದು ದಿನವೂ ಹೊಗಳಲಿಲ್ಲ. "ಇರೋದು ಒಂದೇ ಸಿಲಿಂಡರು, ಅದಕ್ಕೆ ಇಷ್ಟೊಂದು ಪವರು. ತನ್ನನ್ನ ತಾನೇ ಅಲ್ಲಾಡ್ಸಿ ಬಿಚ್ಕೊಳ್ಳತ್ತೆ ಗುರು," ಎನ್ನುತ್ತಿದ್ದ. ಆ ನಡುಕಕ್ಕೆ ನಟ್ಟುಗಳು ಸಡಿಲವಾಗುತ್ತವೆಂದು, ಪ್ರತಿ ನಟ್ಟನ್ನೂ ಬಿಗಿಮಾಡಿ, ಅದರಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದ ಗೆರೆ ಎಳೆಯುತ್ತಿದ್ದ, ಉಸಿರು ಬಿಗಿಹಿಡಿದು. ನಟ್ಟು ಚೂರು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತಿತ್ತು. ಕೀ ಕೊಡುವಾಗ ಪ್ರತಿ ಸಲವೂ ಅದೇ ಮಾತು: "ಗೆರೆ ನೆಟ್ಟಗಿರೋ ತನ್ಕ ಭಯ ಇಲ್ಲ."

ಒಂದು ಬೆಳಿಗ್ಗೆ ನಾನು ಆಯಿಲ್ ಬದಲಿಸಲು ಹೋಗಿದ್ದಾಗ, ಆತನೇ ನೋಡಿಕೊಳ್ಳುತ್ತಿದ್ದ ಇನ್ನೊಂದು ಸೂಪರ್‌ಮೋಟೋ ಟೆಂಪೋದಲ್ಲಿ ಬಂತು. ಚಿಕ್ಕಜಾಲದ ಬಳಿ ಡಿವೈಡರಿಗೆ ಬಡಿದು, ಅದನ್ನು ಓಡಿಸುತ್ತಿದ್ದ ಯುವಕ ಸತ್ತು ತಿಂಗಳಾಗಿತ್ತು. ಪೊಲೀಸರು ಬಿಟ್ಟುಕೊಟ್ಟ ಗಾಡಿಯನ್ನು ಅವನ ತಂದೆಯೇ ತಂದಿದ್ದರು.

"ಏನಾದ್ರೂ ಸಡಿಲ ಆಗಿತ್ತಾ, ನೋಡಿ ಹೇಳಿ," ಎಂದರು.

ಮೆಕ್ಯಾನಿಕ್ ಕುಕ್ಕರುಗಾಲಿನಲ್ಲಿ ಕೂತು, ಮಣ್ಣು ಒರೆಸುತ್ತಾ, ಒಂದೊಂದು ನಟ್ಟನ್ನೂ ಮುಟ್ಟಿ ನೋಡಿದ. ಕೊನೆಯದು ಮುಂದಿನ ಚಕ್ರದ್ದು. ಅದನ್ನು ನೋಡಿ ಉದ್ದಕ್ಕೆ ಉಸಿರು ಬಿಟ್ಟ.

"ಎಲ್ಲಾ ಗೆರೆ ನೆಟ್ಟಗಿದೆ ಸಾರ್, ಯಾವ್ದೂ ಸಡಿಲ ಆಗಿಲ್ಲ," ಎಂದು ತಲೆಯೆತ್ತಿದಾಗ ಆತನ ಮುಖದಲ್ಲಿ ಸಮಾಧಾನವಿತ್ತು. ನಾನು ಅದನ್ನು ಕಂಡೆ. ತಂದೆಯೂ ಕಂಡರು.

"ಹಾಗಾದ್ರೆ ನಿಮ್ ತಪ್ಪಲ್ಲ ಬಿಡಿ," ಎಂದಷ್ಟೇ ಹೇಳಿ ಅವರು ಟೆಂಪೋ ಹತ್ತಿದರು.

ಆ ದಿನ ನನ್ನ ಗಾಡಿಯ ನಟ್ಟುಗಳನ್ನು ಆತ ಎಂದಿನಂತೆಯೇ ಬಿಗಿಮಾಡಿದ. ಹಳದಿ ಡಬ್ಬಿಯ ಮುಚ್ಚಳ ಮಾತ್ರ ತೆಗೆಯಲಿಲ್ಲ. ಕೀ ಕೊಡುವಾಗಿನ ಆ ಮಾತನ್ನೂ ಆಡಲಿಲ್ಲ.