ತಿಪಟೂರಿನಲ್ಲಿ ನಾನು ಹಾಕಿದ ಬಾಸ್ಕೆಟ್

ನನಗೆ ಸಂಬಳ ಬರುತ್ತಿದ್ದದ್ದು ಬಾಸ್ಕೆಟ್‌ಬಾಲ್ ಆಡುವುದಕ್ಕೆ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಹೆಸರಿಗೆ ಗುಮಾಸ್ತೆ. ಬೆಳಗ್ಗೆ ಹೋಗಿ ಸಹಿ ಹಾಕುವುದು, ಒಂದಷ್ಟು ಕಾಗದ ಆಚೆಯಿಂದ ಈಚೆಗೆ ಇಡುವುದು, ಊಟ ಆದಮೇಲೆ ಪ್ರಾಕ್ಟೀಸಿಗೆ ಹೊರಡುವುದು. ಪಕ್ಕದ ಮೇಜಿನವರು ನನಗೆ ಕೇಳಿಸಲಿ ಅಂತಲೇ, "ಆಡೋರಿಗೂ ಸಂಬಳ, ದುಡಿಯೋರಿಗೂ ಸಂಬಳ" ಅನ್ನೋರು. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಆಟದಿಂದ ಹೆಣ್ಣುಮಗಳಿಗೆ ಕೆಲಸ ಸಿಗುತ್ತದೆ ಅನ್ನೋದು ನಮ್ಮ ಹೊನ್ನವಳ್ಳಿಯಲ್ಲಿ ಯಾರೂ ಕೇಳಿರದ ಸುದ್ದಿ.

ಅಪ್ಪ ನಾನು ಚಿಕ್ಕವಳಿರುವಾಗಲೇ ಹೋಗಿಬಿಟ್ಟಿದ್ದರು. ತೋಟ, ಮನೆ, ಅವ್ವ, ನಾನು ಎಲ್ಲ ದೊಡ್ಡಪ್ಪನ ಸುಪರ್ದಿಗೆ. ಅವರದು ಜೋರು ಬಾಯಿ, ಮುಂಗೋಪ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಅವರು ಮಾತಾಡಿದರೆ ರಸ್ತೆಗೆ ಕೇಳಿಸುತ್ತಿತ್ತು. ನಾನೋ, ಹದಿನಾಲ್ಕಕ್ಕೇ ಅವರ ಕಿವಿ ಮಟ್ಟಕ್ಕೆ ಬೆಳೆದು ನಿಂತಿದ್ದೆ. "ಇವಳಿದ್ರೆ ಕಾಯಿ ಕೀಳೋಕೆ ದೋಟಿ ಬ್ಯಾಡ ಬುಡು" ಅಂತ ಊರಿನ ಹೆಂಗಸರು ನಗುತ್ತಿದ್ದರು. ಬಗ್ಗಿ ನಡೆಯುವುದು ನನಗೆ ಅಭ್ಯಾಸವಾಗಿಹೋಗಿತ್ತು.

ನನ್ನ ಬೆನ್ನು ನೆಟ್ಟಗೆ ಮಾಡಿದವರು ತಿಪಟೂರಿನ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಸಣ್ಣ ಆಳು, ನನ್ನ ಭುಜಕ್ಕೆ ಬರುತ್ತಿದ್ದರು. ದೊಡ್ಡಪ್ಪನನ್ನು ಒಪ್ಪಿಸಲು ಸೈಕಲ್ಲಿನಲ್ಲಿ ಹೊನ್ನವಳ್ಳಿಗೆ ಎಷ್ಟು ಸಲ ಬಂದರೋ. ಕೊನೆಗೆ ದೊಡ್ಡಪ್ಪ, "ಆಡ್ಲಿ ಮೇಷ್ಟ್ರೇ. ಆದ್ರೆ ಕಾಲು ಕಾಣಂಗಿಲ್ಲ" ಅಂದರು. ಸ್ಕೂಲಿನಲ್ಲಿ ಉದ್ದ ಪೈಜಾಮದಲ್ಲೇ ಆಡಿದೆ. ಕಾರ್ಖಾನೆಯ ಟೀಮಿಗೆ ಸೇರಿದ ಮೇಲೆ ಚಡ್ಡಿ ಬಂತು. ಆ ವಿಷಯ ಮನೆಯಲ್ಲಿ ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.

ಹೀಗಿರುವಾಗ ತಿಪಟೂರಿನ ಒಂದು ಕಾಲೇಜಿನಲ್ಲಿ ಹೊಸದಾಗಿ ಸಿಮೆಂಟಿನ ಕೋರ್ಟ್ ಹಾಕಿಸಿ, ಅದರ ಪ್ರಾರಂಭಕ್ಕೆ ನಮ್ಮ ಟೀಮನ್ನೂ ಬೆಂಗಳೂರಿನ ಇನ್ನೊಂದು ಟೀಮನ್ನೂ ಕರೆಸಿದರು. ಸುದ್ದಿ ಕೇಳಿದೊಡನೆ ನಮ್ಮ ಕೋಚ್ ಹತ್ತಿರ ಹೋಗಿ, "ಸಾರ್, ಅಲ್ಲಿ ಪ್ಯಾಂಟ್ ಹಾಕ್ಕೊಂಡು ಆಡ್ತೀನಿ" ಅಂದೆ. ಅವರು ನಕ್ಕುಬಿಟ್ಟರು. "ಹನ್ನೊಂದು ಜನ ಒಂದು ಥರ, ನೀನೊಬ್ಳು ಒಂದು ಥರಾನಾ?"

ವ್ಯಾನು ಕಿಬ್ಬನಹಳ್ಳಿ ಕ್ರಾಸ್ ದಾಟಿ ಎರಡೂ ಕಡೆ ತೆಂಗು ಶುರುವಾದಾಗಿನಿಂದ ಬ್ಯಾಗಿನಲ್ಲಿದ್ದ ಚಡ್ಡಿ ತೆಗೆದು ಎಷ್ಟು ಸಲ ಉದ್ದ ನೋಡಿದೆನೋ.

ಮಧ್ಯಾಹ್ನ ಇಳಿಹೊತ್ತಿಗೆ ಆಟ. ಕೋರ್ಟಿನ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನ. ನಮ್ಮೂರಿನವರು ಟ್ರಾಕ್ಟರ್ ಮಾಡಿಕೊಂಡು ಬಂದಿದ್ದರು. ಅವ್ವ ಸೆರಗು ಹೊದ್ದು ಹೆಂಗಸರ ನಡುವೆ ಕೂತಿದ್ದಳು. ದೊಡ್ಡಪ್ಪ ಮುಂದಿನ ಸಾಲಿನ ಕುರ್ಚಿಯಲ್ಲಿ, ಇಸ್ತ್ರಿ ಪಂಚೆ, ಹೆಗಲ ಮೇಲೆ ಟವೆಲ್ಲು. ಮೈಕು ಹಿಡಿದು ಅಂಕ ಹೇಳುವ ಕೆಲಸ ನಮ್ಮ ಡ್ರಿಲ್ ಮೇಷ್ಟ್ರದು. ನನ್ನನ್ನು ಕಂಡೊಡನೆ ಅವರು, "ಈಗ ಬರ್ತಾ ಇರೋದು ನಮ್ಮ ತಾಲ್ಲೂಕಿನ ಮಗಳು" ಅಂತ ಕೂಗಿದರು. ಜನ ಹೋ ಅಂದರು.

ಆಮೇಲೆ ನನ್ನ ಕಾಲು ನೋಡಿದರು. ದೊಡ್ಡಪ್ಪ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು.

ಮೊದಲರ್ಧದಲ್ಲಿ ನಾನು ಆಡಿದ್ದು ಆಟವೇ ಅಲ್ಲ. ಒಂದು ಕೈ ಚೆಂಡಿಗೆ, ಒಂದು ಕೈ ಚಡ್ಡಿ ಕೆಳಗೆಳೆಯುವುದಕ್ಕೆ. ಒಂದೂ ಬಾಸ್ಕೆಟ್ ಹಾಕಲಿಲ್ಲ. ನಡುವಿನ ಬಿಡುವಿನಲ್ಲಿ ಕೋಚ್ ಬೈದದ್ದು ನನ್ನ ಕಿವಿಗೆ ಬೀಳಲಿಲ್ಲ. ದೊಡ್ಡಪ್ಪ ಎದ್ದು ಹೋದರಾ ಅಂತ ನೋಡುತ್ತಿದ್ದೆ. ಹೋಗಿರಲಿಲ್ಲ. ನನ್ನ ಕಡೆ ಕೈಯೆತ್ತಿ, "ಹಾಕವ್ವಾ, ಒಂದಾದ್ರೂ ಹಾಕು!" ಅಂದರು. ಅಷ್ಟು ಸಾಕಾಯಿತು. ಕಾಲಿನ ಯೋಚನೆ ಎಲ್ಲಿಗೆ ಹೋಯಿತೋ.

ಬಿಡುವಿನ ನಂತರ ಟೀಮುಗಳು ಕಡೆ ಬದಲಾಯಿಸುತ್ತವೆ. ಮೊದಲು ಯಾವ ರಿಂಗಿಗೆ ಹಾಕುತ್ತಿದ್ದೆವೋ ಈಗ ಅದನ್ನೇ ಕಾಯಬೇಕು. ಇದು ಮಕ್ಕಳಿಗೂ ಗೊತ್ತು. ಆಟ ಮತ್ತೆ ಶುರುವಾದ ಸ್ವಲ್ಪ ಹೊತ್ತಿಗೆ ಎದುರಿನವರು ಎಸೆದ ಚೆಂಡು ಬೋರ್ಡಿಗೆ ಬಡಿದು ವಾಪಸು ಬಂತು. ಎಲ್ಲರಿಗಿಂತ ಮೇಲೆ ಹಾರಿದೆ, ಗಾಳಿಯಲ್ಲೇ ಹಿಡಿದೆ, ಹಿಡಿದ ಕೈಯಲ್ಲೇ ಒಳಗೆ ಹಾಕಿದೆ. ಅಷ್ಟು ಚೆಂದದ ಬಾಸ್ಕೆಟ್ ನಾನು ಅದಕ್ಕೂ ಮುಂಚೆ ಹಾಕಿರಲಿಲ್ಲ.

ಜನ ಎದ್ದು ನಿಂತರು. ಶಿಳ್ಳೆ, ಕೇಕೆ. ಹೆಂಗಸರ ಕಡೆಯಿಂದಲೂ ಚಪ್ಪಾಳೆ. ನಾನು ತಿರುಗಿ ನಮ್ಮ ಕ್ಯಾಪ್ಟನ್ ಮುಖ ನೋಡಿದೆ. ಅವಳು ಎರಡೂ ಕೈ ತಲೆ ಮೇಲೆ ಹೊತ್ತಿದ್ದಳು. ಎದುರಿನ ಹುಡುಗಿಯರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಮೈಕಿನಲ್ಲಿ ಮೇಷ್ಟ್ರ ದನಿ ಸಣ್ಣಗೆ ಬಂತು. ಎದುರು ಟೀಮಿಗೆ ಎರಡು ಅಂಕ.

ಗಲಾಟೆ ಶುರುವಾಯಿತು. "ನಮ್ ಹುಡ್ಗಿ ಹಾಕಿದ್ದು ಅವರಿಗ್ಯಾಕ್ಲಾ?" ಅಂತ ನಮ್ಮೂರಿನವರು ಕೂಗಿದರು. ದೊಡ್ಡಪ್ಪ ಕುರ್ಚಿ ತಳ್ಳಿ ಮೇಜಿನ ಹತ್ತಿರ ಹೋದರು. "ಏನ್ರೀ ಮೇಷ್ಟ್ರೇ, ಕಣ್ಣು ಕಾಣಕಿಲ್ವಾ? ಊರೇ ನೋಡ್ಯದೆ."

"ಯಜಮಾನ್ರೇ, ಆಟದ ನಿಯಮ ಹಂಗಿದೆ. ಕೂತ್ಕೊಳ್ಳಿ, ಆಮೇಲೆ ಹೇಳ್ತೀನಿ" ಅಂದರು ಮೇಷ್ಟ್ರು. ಮೈಕು ತೆರೆದೇ ಇತ್ತು, ಎಲ್ಲರಿಗೂ ಕೇಳಿಸುತ್ತಿತ್ತು. ತಪ್ಪು ನನ್ನದು ಅಂತ ಮಾತ್ರ ಅವರು ಹೇಳಲಿಲ್ಲ.

"ಬೆಂಗ್ಳೂರೋರ ಹತ್ರ ಏನ್ ತಿಂದಿದ್ದೀಯಾ?" ದೊಡ್ಡಪ್ಪ ಅವರ ಕೊರಳಪಟ್ಟಿಗೆ ಕೈ ಹಾಕಿದರು. ಮೇಷ್ಟ್ರ ಕನ್ನಡಕ ಕೆಳಗೆ ಬಿತ್ತು. ಶರ್ಟಿನ ಗುಂಡಿ ಕಿತ್ತುಹೋಯಿತು.

ನಾನು ಆ ಮೇಜಿನಿಂದ ಬಹಳ ದೂರ ಇರಲಿಲ್ಲ. ಓಡಿಹೋಗಿ, "ದೊಡ್ಡಪ್ಪಾ, ನಾನೇ ತಪ್ಪು ರಿಂಗಿಗೆ ಹಾಕಿದೆ" ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಮಂಡಿ ಮೇಲೆ ಕೈಯಿಟ್ಟು ಬಗ್ಗಿ, ಉಸಿರು ಎಳೆದುಕೊಳ್ಳುವವಳ ಹಾಗೆ ನಿಂತೆ. ಆ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಅದನ್ನು ವಾಪಸು ಕೊಡಲು ಮನಸ್ಸು ಬರಲಿಲ್ಲ. ನನಗೆ ಬಾಸ್ಕೆಟ್ ಅಂದರೇನು ಅಂತ ಕಲಿಸಿದ ಮನುಷ್ಯನನ್ನು ನನ್ನ ಮನೆಯವರೇ ಕಳ್ಳ ಅನ್ನುತ್ತಿದ್ದರು, ನಾನು ಸಿಮೆಂಟ್ ನೋಡುತ್ತಿದ್ದೆ.

ಕೊನೆಗೆ ಹೋದವಳು ಕ್ಯಾಪ್ಟನ್. ಅವಳ ಮನೆಮಾತು ತಮಿಳು. ಹರಕುಮುರುಕು ಕನ್ನಡದಲ್ಲಿ, "ಮಿಸ್ಟೇಕ್ ನಮ್ದು. ಆ ಸಾರ್ ಬಿಟ್ಬಿಡಿ" ಅಂದಳು. ದೊಡ್ಡಪ್ಪ ನಂಬಲಿಲ್ಲ. ಕೊರಳಪಟ್ಟಿ ಬಿಡದೆಯೇ ನನ್ನ ಕಡೆ ತಿರುಗಿದರು.

"ಹೌದೇನವ್ವಾ?"

ಹೌದು ಅಂತ ತಲೆ ಆಡಿಸಿದೆ. ಬಾಯಿ ಆಗಲೂ ತೆರೆಯಲಿಲ್ಲ.

ದೊಡ್ಡಪ್ಪನ ಕೈ ಸಡಿಲಾಯಿತು. ಬಗ್ಗಿ ಕನ್ನಡಕ ಎತ್ತಿ ಮೇಷ್ಟ್ರ ಕೈಗೆ ಕೊಟ್ಟು, ಯಾರನ್ನೂ ನೋಡದೆ ಜನರ ನಡುವಿನಿಂದ ಹೊರಗೆ ನಡೆದರು. ನಾವು ಆ ಆಟ ಸೋತೆವು.

ಮಾರನೇ ಬೆಳಗ್ಗೆ ವ್ಯಾನು ಹೊರಡುವ ಮುಂಚೆ ಮೇಷ್ಟ್ರ ಮನೆಗೆ ಹೋದೆ. ಜಗಲಿಯ ಮೇಲೆ ಒಂದು ಗೊನೆ ಎಳನೀರಿತ್ತು. "ನಿಮ್ಮ ದೊಡ್ಡಪ್ಪ ಮೊದಲನೇ ಬಸ್ಸಿಗೇ ಬಂದು ಕೊಟ್ಟು ಹೋದ್ರು ಕಣಮ್ಮ" ಅಂದರು ಮೇಷ್ಟ್ರ ಹೆಂಡತಿ. "'ತಿಳೀದೆ ಕೈ ಮಾಡ್ಬುಟ್ಟೆ' ಅಂತ ಕಾಲಿಗೆ ಬೀಳೋಕೆ ಬಂದ್ರು. ಇವ್ರೇ ತಡೆದ್ರು."

ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವಳು ಆ ಗೊನೆ ನೋಡುತ್ತಾ ನಿಂತೆ. ಮೇಷ್ಟ್ರು ಕೂತಲ್ಲಿಂದಲೇ, "ಒಂದು ಕೇಳ್ತೀನಿ. ಅವರು ನನ್ನ ಹಿಡ್ಕೊಂಡಾಗ ನೀನು ನೋಡ್ತಿದ್ದೆ ಅಲ್ವಾ?" ಅಂದರು.

"ನೋಡ್ತಿದ್ದೆ ಸಾರ್."

"ಹೂಂ" ಅಂದರು. ನನಗೆ ಕಾಫಿ ಕೊಡಲು ಹೆಂಡತಿಗೆ ಹೇಳಿ ಸ್ನಾನಕ್ಕೆ ಎದ್ದುಹೋದರು.

ಅದಾದ ಮೇಲೆ ನಾನು ಕೆಲವು ವರ್ಷ ಚೆನ್ನಾಗಿಯೇ ಆಡಿದೆ. ರಾಜ್ಯದ ಟೀಮಿಗೂ ಆಡಿದೆ. ಮೊದಲೆಲ್ಲ ದೊಡ್ಡ ಆಟ ಇದ್ದರೆ ಮೇಷ್ಟ್ರು ರೈಲು ಹತ್ತಿ ಬೆಂಗಳೂರಿಗೆ ಬಂದುಬಿಡುತ್ತಿದ್ದರು. ಆಮೇಲೆ ಬರಲಿಲ್ಲ. ಬನ್ನಿ ಅಂತ ಕರೆಯುವ ಮುಖ ನನಗೂ ಇರಲಿಲ್ಲ. ಕೊನೆಗೊಂದು ಆಟದಲ್ಲಿ ಬಿದ್ದು ಮಂಡಿ ಹೋಯಿತು. ಆಪರೇಷನ್ ಆಯಿತು, ಆಟ ನಿಂತಿತು, ಹೆಸರಿಗಿದ್ದ ಗುಮಾಸ್ತೆ ಕೆಲಸವೇ ನಿಜದ ಕೆಲಸವಾಯಿತು.

ಒಂದು ಸಲ ಊರಿಗೆ ಬಂದವಳು ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ರಿಟೈರ್ ಆಗಿದ್ದರು, ತುರುವೇಕೆರೆ ಬಸ್ಸಿಗೆ ಕಾಯುತ್ತಿದ್ದರು. ಪಕ್ಕಕ್ಕೆ ಜರುಗಿ ತಪ್ಪಿಸಿಕೊಳ್ಳೋಣ ಅನ್ನಿಸಿತು. ಆದರೆ ನನ್ನಷ್ಟು ಎತ್ತರದವಳು ಎಲ್ಲಿ ಅಡಗುವುದು? ಅವರೇ ಕರೆದರು. ಜೊತೆಯಲ್ಲಿದ್ದವರಿಗೆ, "ಇವಳು ನನ್ನ ಶಿಷ್ಯೆ ಕಣ್ರೀ. ರಾಜ್ಯಕ್ಕೆ ಆಡಿದೋಳು" ಅಂತ ಸಂತೋಷದಿಂದಲೇ ಹೇಳಿದರು. ಕಾಲು ಮುಟ್ಟಲು ಬಗ್ಗಿದೆ.

"ಬೇಡ ಬೇಡ, ಮಂಡಿ ನೋಯುತ್ತೆ" ಅಂದರು.

ಆಪರೇಷನ್ ವಿಷಯ ಅವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ಬಸ್ಸು ಬಂತು. ಹತ್ತುವಾಗ ಚೀಲ ಎತ್ತಿಕೊಟ್ಟೆ. ಅವತ್ತಾದರೂ ಕ್ಷಮಿಸಿ ಅನ್ನಬಹುದಿತ್ತು. "ಹುಷಾರಾಗಿ ಹೋಗಿ ಬನ್ನಿ ಸಾರ್" ಅಂದುಬಿಟ್ಟೆ.