ಖಳನಿಗೆ ಅಕ್ಕ ಕೊಟ್ಟ ನೀರು

ಸೂರತ್ತಿನ ಕತಾರ್‌ಗಾಮ್‌ನಲ್ಲಿ, ಬಟ್ಟೆಯ ಖಾಲಿ ಗೋದಾಮಿನೊಳಗೆ ರಿಂಗ್ ಕಟ್ಟಿದ್ದಾರೆ. ಇಲ್ಲಿನ ಹುಡುಗರೇ ಸೇರಿ ನಡೆಸುವ ರೆಸ್ಲಿಂಗ್. ವಡೋದರಾದಲ್ಲಿರುವ ಅಕ್ಕನನ್ನು ಕಾಡಿ ಬೇಡಿ ಕರೆತಂದಿದ್ದೇನೆ. ಚಿಕ್ಕಂದಿನಲ್ಲಿ ಧಾರವಾಡದಲ್ಲಿ ನಾನು ರೆಸ್ಲಿಂಗ್ ನೋಡುತ್ತ ಟಿವಿಗೆ ಅಂಟಿಕೊಂಡು ಕೂತಾಗ, "ಎಲ್ಲಾ ಸುಳ್ಳೋ, ಮೊದಲ ಮಾತಾಡ್ಕೊಂಡಿರ್ತಾರ" ಎಂದು ಆ ಹುಚ್ಚು ಬಿಡಿಸಿದವಳೇ ಅವಳು. ಇಷ್ಟು ವರ್ಷಗಳ ಮೇಲೆ ಮತ್ತೆ ನೋಡಲು ಬಂದಿದ್ದೇನೆ. ಈಗ ನನಗೇ ರುಚಿಸದೇ ಹೋದರೆ ಎಂಬ ಅಳುಕು.

ಖಳನ ಪಾತ್ರದ ಪೈಲ್ವಾನ, ತಾನು ಅಹಮದಾಬಾದಿನವನೆಂದು ಹೇಳಿಕೊಂಡು, ಮೈಕ್ ಹಿಡಿದು, ಸೂರತ್ತಿನವರಿಗೆ ಜೀವದಂತಿರುವ ಲೋಚೊ ತಿಂಡಿಯನ್ನು ಹೀಯಾಳಿಸಿದ. ಗೋದಾಮಿಗೆ ಗೋದಾಮೇ ಬೈದಿತು. ನಾನೂ ಬೈದೆ. ಸೂರತ್ತಿನ ಪೈಲ್ವಾನ ಅವನನ್ನು ಎತ್ತಿ ಹಗ್ಗದಾಚೆ ಒಗೆದ. ಬಂದು ಬಿದ್ದದ್ದು ಅಕ್ಕನ ಕಾಲ ಬಳಿ.

ಅಕ್ಕ ಬಾಟಲಿಯ ಮುಚ್ಚಳ ತೆಗೆದು ಅವನ ಕೈಗೆ ಕೊಟ್ಟಳು. "ಪೀ ಲೇ, ಬೇಟಾ."

ಅವನು ಗಟಗಟ ಕುಡಿದು, "ಥ್ಯಾಂಕ್ಯೂ, ಮಾಸಿ" ಎಂದು ಸ್ವಂತ ಚಿಕ್ಕಮ್ಮನಿಗೆ ಹೇಳುವಂತೆ ಪಿಸುಗುಟ್ಟಿ, ಜನರತ್ತ ತಿರುಗಿ ಮತ್ತೆ ಹಲ್ಲು ಕಡಿದ. ಕಂಡವರೆಲ್ಲ ಕಾಣದವರಂತೆ ಇನ್ನೂ ಜೋರಾಗಿ ಬೈದರು.

"ಎಲ್ಲಾ ಸುಳ್ಳ ಅಂತಿದ್ದಿ, ಅಕ್ಕಾ" ಎಂದೆ.

"ಬಿದ್ದದ್ದು ಸುಳ್ಳೇನೋ?" ಅಕ್ಕ ಖಾಲಿ ಬಾಟಲಿಯನ್ನು ನನ್ನ ಕೈಗಿಟ್ಟಳು. "ಲಗೂನ ತುಂಬಿಸ್ಕೊಂಡು ಬಾ. ಇನ್ನೂ ಕುಸ್ತಿ ಅದಾವ."